ರಬ್ಬರಿಗಿಲ್ಲದ ಮರ್ಯಾದೆ

ಹೊಸ ಇಯರ್‌ಫೋನಿನ ಡಬ್ಬಿಯೊಳಗೆ ಒಂದು ಪುಟ್ಟ ಪ್ಲಾಸ್ಟಿಕ್ ಪೊಟ್ಟಣ ಇರುತ್ತದೆ. ಅದರಲ್ಲಿ ಸಿಲಿಕೋನಿನ ಎರಡು ಜೊತೆ ರಬ್ಬರು, ಒಂದು ಸಣ್ಣದು, ಒಂದು ದೊಡ್ಡದು. ಮಧ್ಯಮ ಗಾತ್ರದ್ದನ್ನು ಕಂಪನಿಯವರೇ ಇಯರ್‌ಫೋನಿನ ಮೂತಿಗೆ ತೊಡಿಸಿ ಕಳಿಸಿರುತ್ತಾರೆ. ಈ ಪೊಟ್ಟಣ ಬಿಚ್ಚುವ ಗೋಜಿಗೆ ಹೋಗುವವರು ಕಡಿಮೆ. ಅದು ವಾರಂಟಿ ಕಾರ್ಡಿನ ಜೊತೆ ಡಬ್ಬಿಯಲ್ಲೇ ಉಳಿದು, ಡಬ್ಬಿ ಟಿವಿ ಕೆಳಗಿನ ಡ್ರಾಯರು ಸೇರಿ, ಆಯುಧಪೂಜೆಗೆ ಮನೆ ಚೊಕ್ಕಟ ಮಾಡುವ ದಿನ ಕಸದ ಗಾಡಿ ಹತ್ತುತ್ತದೆ. ಕೊಟ್ಟ ದುಡ್ಡಿನಲ್ಲಿ ಅರ್ಧದಷ್ಟು ಬಾಳುವ ವಸ್ತು ಹೀಗೆ ತೂಕಕ್ಕೂ ಇಲ್ಲದೆ ಹೋಗುವುದನ್ನು ನೋಡಿದರೆ, ರಬ್ಬರಿನ ಜನ್ಮವೇ ಇಷ್ಟೇನೋ ಅನ್ನಿಸುತ್ತದೆ.

ಕೊಳ್ಳುವಾಗ ಮಾತಾಡುವುದೆಲ್ಲ ಬೇರೆಯದರ ಬಗ್ಗೆ. ಮೈಸೂರಿನ ಅರಸು ರಸ್ತೆಯ ಮೊಬೈಲ್ ಅಂಗಡಿಯಲ್ಲಿ, "ಹತ್ತು ಎಂಎಂ ಡ್ರೈವರ್ ಸಾರ್, ಬೇಸ್ ಸಖತ್ತಾಗಿದೆ, ತಗೊಂಡೋಗಿ" ಅನ್ನುತ್ತಾರೆ. ಮಂಡ್ಯದಲ್ಲಾದರೆ, "ಬೇಸ್ ಬಿದ್ರೆ ಎದೆ ಅದುರ್‍ಬೇಕು ಕಣಣ್ಣ, ಹಂಗದೆ" ಎಂದು ಮುಗಿಸುತ್ತಾರೆ. ಡಬ್ಬಿಯ ಮೇಲೆ 20ರಿಂದ 20,000 ಹರ್ಟ್ಸ್ ಎಂದು ಅಚ್ಚು ಹಾಕಿರುತ್ತದೆ. ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ, ಅಂಕಿ ಸಣ್ಣದಾದಷ್ಟೂ ಸದ್ದು ತಗ್ಗು. ಇನ್ನೂರು ರೂಪಾಯಿಯದರ ಮೇಲೂ ಅದೇ ಅಂಕಿ, ಇಪ್ಪತ್ತು ಸಾವಿರದ್ದರ ಮೇಲೂ ಅದೇ. ಆ ಎರಡು ಕೊನೆಗಳ ನಡುವೆ ಯಾವ ಸ್ವರ ಎಷ್ಟು ಡೆಸಿಬೆಲ್ (ಸದ್ದಿನ ಜೋರಿನ ಅಳತೆ) ಮೇಲೆ ಅಥವಾ ಕೆಳಗೆ ಎಂದು ಹೇಳದಿದ್ದರೆ ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಡ್ರೈವರ್ ಅಂದರೆ ಒಳಗಿರುವ ಪುಟಾಣಿ ಸ್ಪೀಕರು. ಅದರ ಅಗಲವೂ ಹಾಗೆಯೇ. ಹದಿನಾಲ್ಕು ಎಂಎಂನದು ಮಂಕಾಗಿ ಕೇಳಿಸಬಹುದು, ಆರು ಎಂಎಂನದು ಅಚ್ಚುಕಟ್ಟಾಗಿ ಹಾಡಬಹುದು.

ಕಿವಿಯೊಳಗೆ ಕೂರುವ ಇಯರ್‌ಫೋನಿನ ಗುಟ್ಟು ಒಂದೇ. ರಬ್ಬರಿಗೂ ಕಿವಿಯ ನಾಳಕ್ಕೂ ನಡುವೆ ಗಾಳಿ ಸೋರಬಾರದು. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ಒಲೆ ಎಷ್ಟು ಉರಿಸಿದರೂ ಸೀಟಿ ಬರುವುದಿಲ್ಲವಲ್ಲ, ಇಲ್ಲಿಯೂ ಅದೇ ಕಥೆ. ಮೃದಂಗದ ಎಡಬದಿಯ 'ಗುಮ್' ಥರದ ತಗ್ಗಿದ ಸದ್ದು, ಅಂದರೆ ಬೇಸ್, ಕಿವಿತಮಟೆಗೆ ಮುಟ್ಟಬೇಕಾದರೆ ಡ್ರೈವರು ಆ ಚಿಕ್ಕ ಜಾಗದ ಗಾಳಿಯನ್ನು ಒತ್ತಿ ಹಿಡಿಯಬೇಕು. ಕೂದಲೆಳೆಯಷ್ಟು ಸಂದಿ ಇದ್ದರೂ ಒತ್ತಡ ಅಲ್ಲಿಂದ ಜಾರಿ ಹೋಗುತ್ತದೆ. ಹೆಚ್ಚಿನ ಕಂಪನಾಂಕದ ಸದ್ದಿಗೆ ಈ ತೊಂದರೆ ಅಷ್ಟಾಗಿ ಇಲ್ಲ, ಅದು ಹಾಗೇ ಉಳಿಯುತ್ತದೆ. ಹೀಗಾಗಿ ಸಡಿಲ ಕೂತ ಇಯರ್‌ಫೋನು ಬರೀ ಸಣ್ಣಗೆ ಕೇಳಿಸಿ ಸುಮ್ಮನಾಗದೆ ತಗಡು ಬಡಿದ ಹಾಗೆ ಕಿರಿಕಿರಿ ಮಾಡುತ್ತದೆ. ಕೇಳಿದವರು, "ಥೂ, ಇದರಲ್ಲಿ ಬೇಸೇ ಇಲ್ಲ" ಎಂದು ಒಂದು ಸ್ಟಾರ್ ಕೊಟ್ಟು ವಾಪಸು ಕಳಿಸುತ್ತಾರೆ. ಅದೇ ಮಾಲಿಗೆ ಪಕ್ಕದ ಮನೆಯವರು ಐದು ಸ್ಟಾರ್ ಕೊಟ್ಟಿರುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರ ಕಿವಿ ಬೇರೆ, ರಬ್ಬರು ಒಂದೇ, ಅಷ್ಟೇ.

ಆದ್ದರಿಂದ ಎರಡು ಇಯರ್‌ಫೋನುಗಳನ್ನು ಹೋಲಿಸುವ ಮುಂಚೆ ಎರಡನ್ನೂ ಸರಿಯಾಗಿ ಹಾಕಿಕೊಳ್ಳುವುದು ಕಲಿಯಬೇಕು. ಎಡಗೈಯನ್ನು ತಲೆಯ ಹಿಂದಿನಿಂದ ತಂದು ಬಲಗಿವಿಯ ಮೇಲ್ಭಾಗ ಹಿಡಿದು ಮೇಲಕ್ಕೂ ಹಿಂದಕ್ಕೂ ಮೆಲ್ಲಗೆ ಎಳೆಯಿರಿ. ದೊಡ್ಡವರ ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ, ಅದರಲ್ಲೂ ಸೊಟ್ಟ. ಎಳೆದಾಗ ಕೊಂಚ ನೆಟ್ಟಗಾಗುತ್ತದೆ. ಬಲಗೈಯಿಂದ ಇಯರ್‌ಫೋನನ್ನು ಸ್ವಲ್ಪ ತಿರುಗಿಸುತ್ತಾ ಒಳಗೆ ಕೂರಿಸಿ, ಕಿವಿ ಬಿಡಿ. ಈಗ ಬಾಯಿ ಮುಚ್ಚಿ 'ಹ್ಞೂಂ' ಅನ್ನಿ. ನಿಮ್ಮ ದನಿ ತಲೆಯೊಳಗೆ ಗುಂಯ್ ಎಂದು ದಪ್ಪಗೆ ಕೇಳಿದರೆ ಗಾಳಿ ಕಟ್ಟಿದೆ ಎಂದರ್ಥ. ಹಾಡು ಹಾಕಿ ಬೆರಳಿನಿಂದ ತುಸು ಒತ್ತಿ ನೋಡಿ. ಒತ್ತಿದಾಗ ಬೇಸ್ ಏರಿ, ಬಿಟ್ಟಾಗ ಇಳಿದರೆ ರಬ್ಬರು ಸಾಲದು, ಒಂದು ಗಾತ್ರ ದೊಡ್ಡದು ಬೇಕು. ಅರ್ಧ ಗಂಟೆಯಲ್ಲಿ ನೋವು ಬಂದರೆ ಅಥವಾ ಮಾತಾಡಿದಾಗೆಲ್ಲ ಜಾರಿ ಹೊರಬಂದರೆ ಆ ರಬ್ಬರು ದೊಡ್ಡದಾಯಿತು. ಎರಡು ಕಿವಿಗೂ ಒಂದೇ ಅಳತೆ ಇರಬೇಕೆಂಬ ಕಾನೂನೇನಿಲ್ಲ. ಎಡಕ್ಕೆ ಮಧ್ಯಮ, ಬಲಕ್ಕೆ ದೊಡ್ಡದು ಹಾಕಿಕೊಂಡರೆ ಯಾರೂ ಕೇಳುವುದಿಲ್ಲ, ಕಾಣಿಸುವುದೂ ಇಲ್ಲ. ಹಾಕುವಾಗ ಒಳಗೆ 'ಚಟ್' ಎಂದು ಸಣ್ಣ ಸದ್ದು ಬಂದರೆ ಹೆದರಬೇಡಿ. ಸಿಕ್ಕಿಬಿದ್ದ ಗಾಳಿಗೆ ಡ್ರೈವರಿನ ತೆಳುಪದರ ಬಾಗಿದ ಸದ್ದು ಅದು. ನಿಧಾನವಾಗಿ ಹಾಕಿದರೆ ಬರುವುದಿಲ್ಲ.

ಡಬ್ಬಿಯಲ್ಲಿ ಬರುವ ಮೂರು ಅಳತೆಯೂ ಕೂರದ ಕಿವಿಗಳಿವೆ. ಅವರಿಗೆ ಫೋಮ್ ರಬ್ಬರು. ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ ಕಿವಿಗೆ ಹಾಕಿ, ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳು ತೆಗೆಯದೆ ಹಿಡಿಯಬೇಕು. ಹೊರಗಿನ ಗಲಾಟೆ ಚೆನ್ನಾಗಿ ತಡೆಯುತ್ತದೆ, ಆದರೆ ಮೇಲಿನ ಸ್ವರಗಳನ್ನು ಕೊಂಚ ಮಂಕು ಮಾಡುತ್ತದೆ, ಬೆವರು ಹೀರುತ್ತದೆ, ಕೆಲವು ತಿಂಗಳಲ್ಲಿ ಉಬ್ಬುವ ಗುಣವೇ ಹೋಗುತ್ತದೆ. ಕೊಳ್ಳುವ ಮುಂಚೆ ಇಯರ್‌ಫೋನಿನ ಮೂತಿ ಎಷ್ಟು ದಪ್ಪ ಎಂದು ಅಳೆದುಕೊಳ್ಳಿ. ಅದು ಒಂದೊಂದರದು ಒಂದೊಂದು ಥರ. ರಬ್ಬರಿನ ತೂತು ಸಡಿಲವಾದರೆ ಇಯರ್‌ಫೋನು ಈಚೆ ಬಂದು ರಬ್ಬರು ಕಿವಿಯಲ್ಲೇ ಉಳಿಯುತ್ತದೆ, ಆಮೇಲೆ ಡಾಕ್ಟರ ಚಿಮ್ಮಟವೇ ಗತಿ.

ಇಷ್ಟಾದ ಮೇಲೆ ಧ್ವನಿಯ ಪರೀಕ್ಷೆ. ನಮ್ಮ ಕಡೆಯವರು ಇದಕ್ಕೆ ಪರದೇಶದ ಹಾಡು ಹುಡುಕಬೇಕಾಗಿಲ್ಲ. ಮಲೆ ಮಾದಪ್ಪನ ಭಕ್ತರ ಕಂಸಾಳೆ ಸಾಕು. ಕಂಚಿನ ತಾಳ ತಾಕಿದಾಗ ಮೊದಲು ಒಂದು ಏಟು, ಅದರ ಹಿಂದೆ ಸಣ್ಣಗೆ ಎಳೆದುಕೊಂಡು ಹೋಗುವ ಝೇಂಕಾರ. ಒಳ್ಳೆಯ ಇಯರ್‌ಫೋನಿನಲ್ಲಿ ಆ ಬಾಲ ಕೊನೆಯವರೆಗೂ ಕೇಳುತ್ತದೆ. ಕಳಪೆಯದರಲ್ಲಿ ಬರೀ 'ಚಸ್, ಚಸ್'. ವೀಣೆ ಹಾಕಿದರೆ ತಂತಿ ಎಳೆದಾಗಿನ ಗಮಕ, ಮೀಟಿದ ಬೆರಳಿನ ಸಣ್ಣ ಕೆರೆತ ಎರಡೂ ಬೇರೆ ಬೇರೆ ಕೇಳಬೇಕು. ಮೃದಂಗದ ಎಡಬದಿಯ ನಾದ ಬಂದು ಹೋಗಬೇಕು, ಹಾಡುಗಾರರ ದನಿಯ ಮೇಲೆ ಕಂಬಳಿ ಹಾಸಿ ಕೂರಬಾರದು. ಬೇಸನ್ನೇ ಬಂಡವಾಳ ಮಾಡಿಕೊಂಡ ಅಗ್ಗದ ಮಾಲಿನಲ್ಲಿ ಎಡವುವುದು ಇಲ್ಲೇ. ತಗ್ಗಿನ ಸ್ವರದ ಜೊತೆಗೆ 200 ಹರ್ಟ್ಸ್ ಸುತ್ತಮುತ್ತಲಿನದನ್ನೂ ಏರಿಸಿಬಿಡುತ್ತಾರೆ, ಗಂಡಸಿನ ದನಿಗೆ ನೆಗಡಿ ಬಂದಂತಾಗುತ್ತದೆ.

ದನಿಯ ಸ್ಪಷ್ಟತೆಗೆ ಇನ್ನೊಂದು ಜಾಗ 3,000 ಹರ್ಟ್ಸ್ ಆಸುಪಾಸು. ತೆರೆದ ಕಿವಿಯ ನಾಳ ಆ ಸ್ವರಗಳನ್ನು ತಾನೇ ಹಿಗ್ಗಿಸಿ ಕೇಳಿಸುತ್ತದೆ. ನಾಳಕ್ಕೆ ರಬ್ಬರು ತುರುಕಿದೊಡನೆ ಆ ಕೊಡುಗೆ ನಿಂತುಹೋಗುವುದರಿಂದ ಇಯರ್‌ಫೋನು ಮಾಡುವವರು ಅದನ್ನು ಲೆಕ್ಕ ಹಾಕಿ ವಾಪಸು ತುಂಬಬೇಕು. ಕಡಿಮೆ ತುಂಬಿದರೆ ಗಾಯಕಿ ಪಕ್ಕದ ಕೋಣೆಯಲ್ಲಿ ಹಾಡಿದ ಹಾಗೆ, ಜಾಸ್ತಿಯಾದರೆ ಕಿವಿಯ ಹತ್ತಿರ ಬಂದು ಜಗಳಕ್ಕೆ ನಿಂತ ಹಾಗೆ. ಅದಕ್ಕೂ ಮೇಲೆ, 5,000ದಿಂದ 8,000 ಹರ್ಟ್ಸ್ ನಡುವೆ ಶ, ಷ, ಸ ಕೂತಿರುತ್ತವೆ. 'ಶಶಿಶೇಖರ', 'ಸರಸ್ವತಿ' ಥರದ ಹೆಸರುಗಳಿರುವ ದೇವರನಾಮ ಹಾಕಿ ಕೇಳಿ. ಪ್ರತಿ ಸಕಾರಕ್ಕೂ ಸೂಜಿ ಚುಚ್ಚಿದಂತಾದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಹೋಲಿಕೆಯಲ್ಲಿ ಒಂದು ಮೋಸವಿದೆ. ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಅನ್ನಿಸುತ್ತದೆ, ಒಂದೆರಡು ಡೆಸಿಬೆಲ್ ವ್ಯತ್ಯಾಸವೂ ಸಾಕು. ಒಂದರ ಇಂಪಿಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) 16 ಓಮ್, ಇನ್ನೊಂದರದು 32 ಓಮ್, ಸಂವೇದನೆಯೂ (ಕೊಟ್ಟ ಕರೆಂಟಿಗೆ ಎಷ್ಟು ಜೋರು ಸದ್ದು ಎಂಬುದು) ಬೇರೆ ಬೇರೆ ಇದ್ದರೆ ಫೋನಿನ ವಾಲ್ಯೂಮ್ ಗೆರೆ ಒಂದೇ ಕಡೆ ಇದ್ದರೂ ಸದ್ದು ಒಂದೇ ಇರುವುದಿಲ್ಲ. ದನಿ ಎರಡರಲ್ಲೂ ಸರಿಸಮ ಕೇಳುವ ಹಾಗೆ ವಾಲ್ಯೂಮ್ ಹೊಂದಿಸಿಕೊಂಡು ಆಮೇಲೆ ತೀರ್ಪು ಕೊಡಬೇಕು. ಜೋರು ಬೇಕೆನ್ನುವುದು ಹೊಸ ಆಸೆಯೇನಲ್ಲ ಬಿಡಿ. ಮೈಕು ಇಲ್ಲದ ಕಚೇರಿಯಲ್ಲಿ ಕೊನೆಯ ಸಾಲಿಗೂ ಕೇಳಲಿ ಎಂದು ನಮ್ಮ ತಿರುಮಕೂಡಲಿನ ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಏಳು ತಂತಿ ಕಟ್ಟಿದರು. ಅವರ ಮುಂದೆ ಒಂದು ಸಭೆಯೇ ಇತ್ತು. ಇಲ್ಲಿ ಸಭೆ ಅಂದರೆ ಒಂದು ಕಿವಿತಮಟೆ, ಕೊನೆಯ ಸಾಲು ಅರ್ಧ ಇಂಚಿನಾಚೆ.

ಕಿವಿಯ ಆರೋಗ್ಯಕ್ಕೂ ರಬ್ಬರಿಗೂ ಇರುವ ಸಂಬಂಧ ಇಲ್ಲಿಂದಲೇ ಶುರು. ಮಂಡ್ಯದಿಂದ ಮೈಸೂರಿಗೆ ದಿನಾ ಓಡಾಡುವವರು ಬಸ್ಸಿನಲ್ಲಿ ಕೂತರೆ ಕೆಳಗೆ ಇಂಜಿನ್ನಿನ ಗುರ್ರು, ಪಕ್ಕದಲ್ಲಿ ಕಿಟಕಿ ಗಾಜಿನ ಗಡಗಡ. ಸಡಿಲ ಇಯರ್‌ಫೋನಿನಲ್ಲಿ ಅದೆಲ್ಲ ಒಳಗೆ ಬರುತ್ತದೆ, ಅದನ್ನು ಮೀರಿಸಲು ಬೆರಳು ತಾನಾಗಿ ವಾಲ್ಯೂಮ್ ಏರಿಸುತ್ತದೆ. ಗಟ್ಟಿ ಕೂತದ್ದರಲ್ಲಿ ಎರಡು ಮೂರು ಗೆರೆ ಕಡಿಮೆ ಇಟ್ಟರೂ ಸಾಕು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹಾಕಿರುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಮಕ್ಕಳಿಗೆ ಅದೇ 40 ಗಂಟೆ, 75 ಡೆಸಿಬೆಲ್‌ನಲ್ಲಿ. ಹಾಡು ನಿಲ್ಲಿಸಿದ ಮೇಲೂ ಕಿವಿಯಲ್ಲಿ ಕುಂಯ್ ಅನ್ನುತ್ತಿದ್ದರೆ ಇಯರ್‌ಫೋನು ಬದಲಿಸುವ ಯೋಚನೆ ಬಿಟ್ಟು ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯ ದಾರಿ ಹಿಡಿಯುವುದು ಒಳ್ಳೆಯದು. ಇಡೀ ದೇಶದವರು ಹುಡುಕಿಕೊಂಡು ಬರುವ ಜಾಗ ನಮ್ಮ ಊರಲ್ಲೇ ಇದೆ.

ಬ್ಲೂಟೂತ್ ಬಡ್ಸಿಗೂ ರಬ್ಬರಿನ ನಿಯಮ ಬದಲಾಗುವುದಿಲ್ಲ. ಗದ್ದಲ ತಡೆಯುವ ಎಎನ್‌ಸಿ ಕೂಡ ಸಂದಿ ಇದ್ದರೆ ಅರ್ಧ ಕೆಲಸ ಮಾಡುತ್ತದೆ. ಎಸ್‌ಬಿಸಿ, ಎಎಸಿ, ಎಲ್‌ಡಿಎಸಿ ಎಂದು ಕೊಡೆಕ್ಕುಗಳ (ಬ್ಲೂಟೂತಿನಲ್ಲಿ ಹಾಡನ್ನು ಕುಗ್ಗಿಸಿ ಕಳಿಸುವ ವಿಧಾನಗಳ) ಜಪ ಮಾಡುವವರು ಮೊದಲು ಒಂದು ಗಾತ್ರ ದೊಡ್ಡ ರಬ್ಬರು ಹಾಕಿ ನೋಡಲಿ, ವ್ಯತ್ಯಾಸ ಯಾವುದರಲ್ಲಿ ಜಾಸ್ತಿ ಎಂದು ಗೊತ್ತಾಗುತ್ತದೆ. ಅದೇ ದುಡ್ಡಿಗೆ ತಂತಿಯದು ಚೆನ್ನಾಗಿ ಹಾಡುತ್ತದೆ, ಅದರಲ್ಲಿ ಸಾಯುವ ಬ್ಯಾಟರಿಯೂ ಇಲ್ಲ. ಎಫ್‌ಎಂ ಇರುವ ಫೋನಾದರೆ ತಂತಿಯೇ ಏರಿಯಲ್ಲು. ಅದಿಲ್ಲದೆ ಮೈಸೂರು ಆಕಾಶವಾಣಿಯ 100.6 ಹಿಡಿಯುವುದಿಲ್ಲ. ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿದ ಊರಿನಲ್ಲಿ ಏರಿಯಲ್ಲಿಗೆ ಇಷ್ಟಾದರೂ ಬೆಲೆ ಕೊಡಬೇಡವೇ? ತಂತಿ ಬಟ್ಟೆಗೆ ಉಜ್ಜಿದ ಸದ್ದು ಕಿವಿಗೆ ಕೇಳುತ್ತದೆ ಎನ್ನುವವರು ಅದನ್ನು ಕಿವಿಯ ಮೇಲಿನಿಂದ ಹಿಂದಕ್ಕೆ ಸುತ್ತಿ ಹಾಕಿಕೊಂಡರೆ ಸದ್ದು ಬಹುಪಾಲು ನಿಲ್ಲುತ್ತದೆ.

ಒಂದು ಕಡೆ ಸದ್ದು ಕಡಿಮೆಯಾದರೆ ಅಂಗಡಿಗೆ ಓಡುವ ಮುಂಚೆ ಎಡದ್ದನ್ನು ಬಲಗಿವಿಗೆ, ಬಲದ್ದನ್ನು ಎಡಗಿವಿಗೆ ಹಾಕಿ ನೋಡಿ. ತೊಂದರೆ ಜೊತೆಗೇ ಬಂದರೆ ಇಯರ್‌ಫೋನಿನದು, ಅಲ್ಲೇ ಉಳಿದರೆ ಕಿವಿಯದು. ಇಯರ್‌ಫೋನಿನದಾದರೆ ರಬ್ಬರು ಕಳಚಿ ಬೆಳಕಿಗೆ ಹಿಡಿಯಿರಿ, ಮೂತಿಯ ಜಾಲರಿಗೆ ಗುಗ್ಗೆ ಮೆತ್ತಿಕೊಂಡಿರುತ್ತದೆ. ಮೂತಿ ಕೆಳಮುಖ ಮಾಡಿ ಒಣ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿದರೆ ಉದುರುತ್ತದೆ. ಪಿನ್ನು ಚುಚ್ಚಿದರೆ ಕೊಳೆ ಒಳಕ್ಕೆ ಹೋಗಿ ಡ್ರೈವರಿನ ಮೇಲೆ ಕೂರುತ್ತದೆ. ರಬ್ಬರನ್ನು ಮಾತ್ರ ಸೋಪಿನ ನೀರಲ್ಲಿ ತೊಳೆದು ಚೆನ್ನಾಗಿ ಒಣಗಿಸಿ ಹಾಕಬಹುದು.

ಇನ್ನು ಕೆಲವೊಮ್ಮೆ ಪಿಟೀಲು, ತಬಲ ಎಲ್ಲ ಕೇಳಿಸಿ ಹಾಡುವವರ ದನಿ ಮಾತ್ರ ಮಾಯವಾಗಿರುತ್ತದೆ, ಅಥವಾ ಬಾವಿಯೊಳಗಿನಿಂದ ಬಂದ ಹಾಗಿರುತ್ತದೆ. ಇದಕ್ಕೆ ಕಾರಣ ಎಡಬಲ ಎರಡಕ್ಕೂ ಸಾಮಾನ್ಯವಾದ ನೆಲತಂತಿ, ಅಂದರೆ ಕರೆಂಟು ವಾಪಸು ಹೋಗುವ ತಂತಿ, ತಾಗದಿರುವುದು. ಆಗ ಎರಡೂ ಕಡೆ ಸಮನಾಗಿರುವ ಸದ್ದು ಒಂದನ್ನೊಂದು ಕಳೆದುಕೊಳ್ಳುತ್ತದೆ, ಹಾಡುವವರ ದನಿ ಸಾಮಾನ್ಯವಾಗಿ ಎರಡೂ ಕಡೆ ಸಮನಾಗಿಯೇ ಇರುತ್ತದೆ. ಪಿನ್ನಿನ ಬುಡದಲ್ಲಿ ತಂತಿ ಮುರಿದಿದ್ದರೆ ಬೆಸುಗೆ ಬೇಕು. ಆದರೆ ಬಹಳ ಸಲ ಕಾರಣ ಫೋನಿನ ದಪ್ಪ ಬ್ಯಾಕ್ ಕವರು. ಅದು ಅಡ್ಡ ಬಂದು ಪಿನ್ನು ಪೂರ್ತಿ ಒಳಗೆ ಇಳಿದಿರುವುದಿಲ್ಲ. ಕವರು ಬಿಚ್ಚಿ ಪಿನ್ನನ್ನು 'ಟಕ್' ಎನ್ನುವವರೆಗೆ ಒತ್ತಿದರೆ ಗಾಯಕರು ಪಲ್ಲವಿಯ ನಡುವೆ ಎಲ್ಲಿದ್ದರೋ ಅಲ್ಲಿಂದಲೇ ಹಾಡುತ್ತಾ ವಾಪಸು ಬರುತ್ತಾರೆ.