ಸೈಟು ಆಮೇಲೆ, ಮೊದಲು ಬಾಡಿಗೆ ಲೆಕ್ಕ

ನ್ಯೂಜೆರ್ಸಿಯಲ್ಲಿ ನಾಲ್ಕು ಜನ ಕನ್ನಡದವರು ಸೇರಿದರೆ, ಊಟ ಮುಗಿಯುವ ಹೊತ್ತಿಗೆ ಮಾತು ಸೈಟಿಗೆ ಬಂದಿರುತ್ತದೆ. ದೇವನಹಳ್ಳಿ ಕಡೆ ಚದರಡಿ ಎಷ್ಟಾಗಿದೆ, ಮೈಸೂರಲ್ಲಿ ರಿಂಗ್ ರೋಡ್ ಆಚೆ ತಗೋಬಹುದಾ, ಎ ಖಾತೆನಾ ಬಿ ಖಾತೆನಾ. ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗರೂ ಇದನ್ನೇ ಕೇಳುತ್ತಾರೆ. ನಾನು ಹೇಳುವುದು ಅವರಿಗೆ ಅಷ್ಟು ರುಚಿಸುವುದಿಲ್ಲ. ಮನೆ ಮೇಲೆ ದುಡ್ಡು ಹಾಕಲೇಬೇಕು ಅಂದರೆ, ನೀವಿರುವ ಊರಲ್ಲೇ ಎರಡು ಸಂಸಾರದ ಮನೆ ತಗೊಳ್ಳಿ. ಒಂದರಲ್ಲಿ ನೀವಿರಿ, ಇನ್ನೊಂದನ್ನು ಬಾಡಿಗೆಗೆ ಕೊಡಿ. ಸೈಟು ಆಮೇಲೆ ನೋಡೋಣ.

ಇದೇನು ಅಮೆರಿಕದವರು ಕಂಡುಹಿಡಿದ ವಿದ್ಯೆಯಲ್ಲ. ರಾಜಾಜಿನಗರ, ಹನುಮಂತನಗರದಲ್ಲಿ ನಮ್ಮ ಹಿರಿಯರು ಮಾಡಿದ್ದೂ ಇದನ್ನೇ ಅಲ್ವಾ? ಥರ್ಟಿ-ಫಾರ್ಟಿ ಸೈಟು, ಕೆಳಗೆ ಓನರ್, ಮೇಲೆ ಎರಡು ಬಾಡಿಗೆ ಮನೆ. ಬಾಡಿಗೆಯಲ್ಲೇ ಸಾಲದ ಕಂತು ಕಟ್ಟಿ, ಕೈ ಸ್ವಲ್ಪ ಸಡಿಲವಾದಾಗ ಇನ್ನೊಂದು ಮಹಡಿ ಎಬ್ಬಿಸುತ್ತಿದ್ದರು. ಆಗ ಬಾಡಿಗೆಗೂ ಮನೆ ಬೆಲೆಗೂ ಏನೋ ಒಂದು ನಂಟಿತ್ತು. ಈಗ ಬೆಂಗಳೂರಲ್ಲಿ ಒಂದು ಕೋಟಿಯ ಫ್ಲ್ಯಾಟು, ಬಾಡಿಗೆ ಮೂವತ್ತು ಸಾವಿರ ಎಂದಿಟ್ಟುಕೊಳ್ಳಿ. 80 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ ಅಂದರೆ ತಿಂಗಳ ಕಂತೇ 69,000 ದಾಟುತ್ತದೆ. ಅರ್ಧವೂ ಬಾಡಿಗೆಯಿಂದ ಹುಟ್ಟುವುದಿಲ್ಲ. ಮೇಲಾಗಿ ಎನ್‌ಆರ್‌ಐ ಓನರಿಗೆ ಬಾಡಿಗೆ ಕೊಡುವವರು ಶೇ 31.2 ಟಿಡಿಎಸ್ ಮುರಿದು ಸರ್ಕಾರಕ್ಕೆ ಕಟ್ಟಬೇಕು. ಆ ತಾಪತ್ರಯಕ್ಕೆ ಒಪ್ಪುವ ಬಾಡಿಗೆದಾರರನ್ನು ಹುಡುಕಿ ನೋಡಿ!

ಖಾಲಿ ಸೈಟಂತೂ ಒಂದು ರೂಪಾಯಿ ಕೊಡುವುದಿಲ್ಲ. ಬೇಲಿ, ಕಳೆ, ತೆರಿಗೆ ಅಂತ ಕೇಳುತ್ತಲೇ ಇರುತ್ತದೆ. ಪಕ್ಕದವರು ಒತ್ತುವರಿ ಮಾಡಿದ್ದಾರಾ ಅಂತ ನೋಡಲು ಭಾವಮೈದುನನನ್ನು ಕಳಿಸಿ ಫೋಟೋ ತರಿಸಬೇಕು. ಬೆಲೆ ಏರಿದೆ, ಸುಳ್ಳಲ್ಲ. ಆದರೆ ಶುರು ಮಾಡುವವನ ತಿಂಗಳ ಖರ್ಚು ಅದರಿಂದ ಸಾಗುವುದಿಲ್ಲ.

ಇಲ್ಲಿಯ ಲೆಕ್ಕ ನೋಡಿ. ಎಫ್‌ಎಚ್‌ಎ ಸಾಲದಲ್ಲಿ, ಅಂದರೆ ಅಮೆರಿಕ ಸರ್ಕಾರವೇ ವಿಮೆ ಕೊಡುವ ಮನೆ ಸಾಲದಲ್ಲಿ, ನಾಲ್ಕು ಸಂಸಾರದ ಮನೆಯವರೆಗೂ ಶೇ 3.5ರಷ್ಟು ಕೈಯಿಂದ ಹಾಕಿದರೆ ಸಾಕು. ಕ್ರೆಡಿಟ್ ಸ್ಕೋರ್ 580 ಇರಬೇಕು, ಕನಿಷ್ಠ ಒಂದು ವರ್ಷ ನಾವೇ ಅಲ್ಲಿ ವಾಸ ಮಾಡಬೇಕು. ಎಚ್-1ಬಿ ವೀಸಾದವರಿಗೆ 2025ರ ಮೇ ಕೊನೆಯಿಂದ ಈ ಬಾಗಿಲು ಮುಚ್ಚಿದೆ. ಅವರು ಮಾಮೂಲಿ ಸಾಲಕ್ಕೇ ಹೋಗಬೇಕು. ಅಲ್ಲಿ ಬ್ಯಾಂಕುಗಳಿಂದ ಮನೆ ಸಾಲಗಳನ್ನು ಕೊಳ್ಳುವ ‘ಫ್ಯಾನಿ ಮೇ’ ಸಂಸ್ಥೆ, ಓನರೇ ವಾಸವಿರುವ ಇಂಥ ಮನೆಗಳಿಗೆ ಕೈಯಿಂದ ಶೇ 5 ಹಾಕಿದರೆ ಸಾಕು ಎಂದು 2023ರ ಕೊನೆಯಿಂದ ಹೇಳುತ್ತಿದೆ. ಆರು ಲಕ್ಷ ಡಾಲರಿನ ಮನೆಗೆ ಎಫ್‌ಎಚ್‌ಎ ಸಾಲ, ಶೇ 6.5 ಬಡ್ಡಿ ಎಂದುಕೊಂಡರೆ ಕಂತು 3,700 ಡಾಲರ್ ಹತ್ತಿರ. ಆಸ್ತಿ ತೆರಿಗೆ, ವಿಮೆ ಎಲ್ಲ ಸೇರಿ 5,000 ಆಗುತ್ತದೆ. ಮೇಲಿನ ಮನೆಗೆ 2,500 ಬಾಡಿಗೆ ಬಂದರೆ ಅರ್ಧ ಭಾರ ಇಳಿಯಿತು. ಉಳಿದರ್ಧ ಹೇಗೂ ನಾವು ಯಾರಿಗೋ ಬಾಡಿಗೆ ಅಂತ ಕಟ್ಟುತ್ತಿದ್ದ ದುಡ್ಡು. 30 ವರ್ಷ ಬಡ್ಡಿ ಬದಲಾಗುವುದಿಲ್ಲ; ನಮ್ಮೂರಲ್ಲಿ ರೆಪೋ ದರ ಅಲುಗಾಡಿದರೆ ಸಾಲವೂ ಅಲುಗಾಡುತ್ತದೆ. ತೆರಿಗೆ ಮಾತ್ರ ಇಲ್ಲಿ ಮೈಮೇಲೆ ಬರುತ್ತದೆ. ನ್ಯೂಜೆರ್ಸಿಯ ಸರಾಸರಿ ಆಸ್ತಿ ತೆರಿಗೆ ವರ್ಷಕ್ಕೆ 10,000 ಡಾಲರ್ ದಾಟಿದೆ.

ಕೆಳಗೊಂದು ಅಡುಗೆಮನೆ ಇದೆ ಅಂದ ಮಾತ್ರಕ್ಕೆ ಅದು ಎರಡು ಸಂಸಾರದ ಮನೆ ಆಗುವುದಿಲ್ಲ. ಟೌನ್ ಆಫೀಸಿನ ದಾಖಲೆಯಲ್ಲಿ ಹಾಗಂತ ಇರಬೇಕು. ಬಿ ಖಾತೆಯ ತಲೆನೋವು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು, ಹಳೇ ಮನೆಗಳ ಎಣ್ಣೆ ಟ್ಯಾಂಕು. ಚಳಿಗಾಲದಲ್ಲಿ ಮನೆ ಬಿಸಿ ಮಾಡಲು ಎಣ್ಣೆ ಉರಿಸುತ್ತಿದ್ದ ಕಾಲದಲ್ಲಿ ಕಬ್ಬಿಣದ ಟ್ಯಾಂಕನ್ನು ಅಂಗಳದಲ್ಲೇ ಹೂಳುತ್ತಿದ್ದರು. ಗ್ಯಾಸ್ ಬಂದ ಮೇಲೆ ಎಷ್ಟೋ ಜನ ಅದನ್ನು ಅಲ್ಲೇ ಮರೆತರು. ಅದು ತುಕ್ಕು ಹಿಡಿದು ಸೋರಿದ್ದರೆ, ಮಣ್ಣು ಬಗೆದು ಸಾಗಿಸುವ ಖರ್ಚು ಹೊಸ ಓನರಿನ ತಲೆಗೆ ಸುತ್ತಿಕೊಳ್ಳಬಹುದು. ಅದಕ್ಕೇ ಕೊಳ್ಳುವ ಮುಂಚೆ ಮೆಟಲ್ ಡಿಟೆಕ್ಟರ್ ಹಿಡಿದ ಒಬ್ಬ ಬಂದು ಅಂಗಳದ ತುಂಬ ನಿಧಾನಕ್ಕೆ ಓಡಾಡುತ್ತಾನೆ. ಗೋಡೆ ಪಕ್ಕ ನೆಲದಿಂದ ಮೇಲೆದ್ದ ಹಳೇ ಕೊಳವೆ ಕಂಡರೆ ಅಲ್ಲೇ ನಿಲ್ಲುತ್ತಾನೆ. ಆ ಖರ್ಚಿಗೆ ಜಿಪುಣತನ ಮಾಡಬೇಡಿ.

ಇಲ್ಲೂ ನೋಂದಣಿ ಆಯ್ತು ಅಂದರೆ ಹಕ್ಕು ಪಕ್ಕಾ ಅಂತೇನಲ್ಲ, ನಮ್ಮಲ್ಲಿದ್ದ ಹಾಗೇ. ಅಲ್ಲಿ ವಕೀಲರು ಮೂಲಪತ್ರ, ಇಸಿ (ಋಣಭಾರ ಪತ್ರ) ಓದಿ ಅಭಿಪ್ರಾಯ ಕೊಡುತ್ತಾರೆ. ಇಲ್ಲಿ ಟೈಟಲ್ ವಿಮೆ ಮಾಡಿಸುತ್ತೇವೆ. ಹಳೇ ತಕರಾರು ಎದ್ದರೆ ವಿಮೆ ಕಂಪನಿ ನಿಂತು ನೋಡಿಕೊಳ್ಳುತ್ತದೆ.

ಬಾಡಿಗೆದಾರರ ವಿಷಯದಲ್ಲಿ ಬೆಂಗಳೂರಿನ ಓನರ್ ಗತ್ತು ಇಲ್ಲಿ ನಡೆಯುವುದಿಲ್ಲ. ಹತ್ತು ತಿಂಗಳ ಅಡ್ವಾನ್ಸ್ ಅಂದರೆ ನಗುತ್ತಾರೆ. ನ್ಯೂಜೆರ್ಸಿ ಕಾನೂನಿನಲ್ಲಿ ಒಂದೂವರೆ ತಿಂಗಳ ಬಾಡಿಗೆಗಿಂತ ಜಾಸ್ತಿ ಠೇವಣಿ ಕೇಳುವಂತಿಲ್ಲ. ಕರಾರು ಮುಗಿಯಿತು ಅಂತ ಖಾಲಿ ಮಾಡಿಸುವುದೂ ಆಗದು, ಕಾನೂನು ಒಪ್ಪುವ ಕಾರಣ ಬೇಕು. ಓನರ್ ತಾನೇ ವಾಸವಿದ್ದು, ಬಾಡಿಗೆ ಮನೆ ಎರಡಕ್ಕಿಂತ ಹೆಚ್ಚಿಲ್ಲದಿದ್ದರೆ ಇದರಿಂದ ವಿನಾಯಿತಿ ಇದೆ. ನೀವು ಬೇರೆ ಕಡೆ ಹೋದಿರೋ, ಅದೂ ಹೋಯಿತು. ನನಗೇನೋ ಇದು ನ್ಯಾಯ ಅನಿಸುತ್ತದೆ. ಓನರ್ ಆದ ಗೆಳೆಯರು ಒಪ್ಪುವುದಿಲ್ಲ, ಬಿಡಿ.

ಒಂದು ವಿಷಯದಲ್ಲಿ ಮಾತ್ರ ನಮ್ಮ ಹಳೇ ರೀತಿಯೇ ಸರಿ. ಇಲ್ಲಿ ಫೋನಿನಲ್ಲಿ ಚಿತ್ರ ನೋಡಿ ಇನ್ನೊಂದು ರಾಜ್ಯದ ಮನೆ ಕೊಳ್ಳುವವರಿದ್ದಾರೆ. ನಮ್ಮ ತಂದೆಯ ಕಾಲದವರು ಮಳೆ ಬಂದ ಮರುದಿನ ಹೋಗಿ ನೋಡುತ್ತಿದ್ದರು, ಬೀದಿ ಅಂಗಡಿಯವನನ್ನು ವಿಚಾರಿಸುತ್ತಿದ್ದರು. 2022ರ ಮಳೆಗೆ ಸರ್ಜಾಪುರ ರಸ್ತೆಯ ದುಬಾರಿ ಬಡಾವಣೆಗಳೇ ಮುಳುಗಿದ್ದು ನೆನಪಿದೆಯಲ್ಲ. 2021ರಲ್ಲಿ ಐಡಾ ಚಂಡಮಾರುತದ ಮಳೆ ಬಂದಾಗ ಇಲ್ಲಿಯ ಮ್ಯಾನ್ವಿಲ್ ಊರಿನ ಗತಿಯೂ ಅದೇ ಆಯಿತು. ಮಾಮೂಲಿ ಮನೆ ವಿಮೆಯಲ್ಲಿ ನೆರೆ ಸೇರಿರುವುದಿಲ್ಲ, ಅದಕ್ಕೆ ಬೇರೆಯೇ ವಿಮೆ. 2024ರಿಂದ ಮಾರುವವರು ನೆರೆಯ ವಿಷಯ ಬರೆದುಕೊಡಬೇಕು ಅಂತ ಕಾನೂನಿದೆ, ಒಳ್ಳೆಯದೇ. ಆದರೂ ಎದುರುಮನೆ ಬಾಗಿಲು ತಟ್ಟಿ ನೋಡಿ. ನಲವತ್ತು ವರ್ಷದಿಂದ ಅಲ್ಲೇ ಇರುವ ಅಜ್ಜಿ ಹೇಳುವಷ್ಟು ಆ ಫಾರಂನಲ್ಲಿ ಇರುವುದಿಲ್ಲ.