ರಾತ್ರಿ ಮೂತ್ರಕ್ಕೆ ಏಳುವವರು ರಕ್ತದೊತ್ತಡವನ್ನೂ ನೋಡಿಸಿಕೊಳ್ಳಲಿ

ಐವತ್ತು ದಾಟಿದ ಗಂಡಸರು ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದಕ್ಕೆ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗುವುದೇ ಕಾರಣವೆಂದು ನಾನು ಓದಿದ ಒಂದು ಲೇಖನದಲ್ಲಿ ವಿವರಿಸಲಾಗಿದೆ. ಅದು ಒಂದು ಮುಖ್ಯ ಕಾರಣ ನಿಜ, ಆದರೆ ಆ ಲೇಖನದಲ್ಲಿ ರಕ್ತದೊತ್ತಡದ ಮಾತು ಒಂದೇ ಸಾಲಿನಲ್ಲಿ ಮುಗಿದಿರುವುದು ನನಗೆ ದೊಡ್ಡ ಕೊರತೆಯಾಗಿ ಕಂಡಿತು. ಮೂಡಿಗೆರೆಯ ಹತ್ತಿರದ ನಮ್ಮ ಮನೆಯಲ್ಲಿ ತಂದೆಯವರು ವರ್ಷಗಟ್ಟಲೆ ಕಂಬಳಿ ಹೊದ್ದು, ಟಾರ್ಚ್ ಹಿಡಿದು ರಾತ್ರಿ ಹಿತ್ತಲಿಗೆ ನಡೆಯುತ್ತಿದ್ದರು. ಮಳೆಗಾಲದ ಥಂಡಿಗೆ ಹೀಗಾಗುತ್ತದೆಂದು ನಾವೆಲ್ಲ ನಂಬಿದ್ದೆವು. ಕೊನೆಗೊಮ್ಮೆ ಬಿ.ಪಿ. ನೋಡಿಸಿದಾಗ 170/100ರಷ್ಟು ಹೆಚ್ಚಿತ್ತು.

ಆರೋಗ್ಯವಂತರಲ್ಲಿ ನಿದ್ದೆಯ ಹೊತ್ತಿಗೆ ರಕ್ತದೊತ್ತಡವು ಹಗಲಿಗಿಂತ ಶೇ. 10ರಿಂದ 20ರಷ್ಟು ಇಳಿಯುತ್ತದೆ. ಹಾಗೆ ಇಳಿಯದವರಲ್ಲಿ, ಅದರಲ್ಲೂ ಉಪ್ಪು ಹೆಚ್ಚು ತಿನ್ನುವವರಲ್ಲಿ, ಹಗಲಿನಲ್ಲಿ ಹೊರಹೋಗದೆ ಉಳಿದ, ಉಪ್ಪಿನಲ್ಲಿರುವ ಸೋಡಿಯಂ ಅನ್ನು ಮೂತ್ರಪಿಂಡಗಳು ರಾತ್ರಿ ನೀರಿನೊಂದಿಗೆ ಹೊರಹಾಕುವುದರಿಂದ ಮೂತ್ರದ ಪ್ರಮಾಣವೇ ಹೆಚ್ಚಾಗುತ್ತದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಕ್ಕಿರೊಟ್ಟಿಯ ಜೊತೆಗೆ ಮಿಡಿ ಉಪ್ಪಿನಕಾಯಿ ಬೇಕೇಬೇಕೆನ್ನುವ ನಮ್ಮ ಮಲೆನಾಡಿನವರಿಗೆ ಇದು ಸುಲಭವಲ್ಲವೆಂದು ಬಲ್ಲೆ. ಗೊರಕೆಯ ನಡುವೆ ಉಸಿರು ಕಟ್ಟುವ ತೊಂದರೆಯೂ ರಕ್ತದೊತ್ತಡ, ರಾತ್ರಿಯ ಮೂತ್ರ ಎರಡನ್ನೂ ಹೆಚ್ಚಿಸುತ್ತದೆ.

ಔಷಧಿಯ ವಿಷಯವನ್ನೂ ಸೇರಿಸಬೇಕು. ರಕ್ತದೊತ್ತಡ ಇಳಿಸಲು ಕೊಡುವ ಅಮ್ಲೊಡಿಪಿನ್ ಮಾತ್ರೆಯಿಂದ ಕೆಲವರಿಗೆ ಪಾದ ಊದಿಕೊಂಡು, ಅಲ್ಲಿ ನಿಂತ ನೀರು ಮಲಗಿದಾಗ ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸಂಜೆ ನುಂಗುವವರೂ ರಾತ್ರಿ ಏಳಬೇಕಾಗುತ್ತದೆ. ಇಂಥವರು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದೆ, ಹೊತ್ತು ಬದಲಿಸಬಹುದೇ ಎಂದು ವೈದ್ಯರನ್ನು ಕೇಳಬೇಕು. ನಮ್ಮ ತಂದೆಯವರು ಈಗ ರಾತ್ರಿ ಒಮ್ಮೆ ಮಾತ್ರ ಏಳುತ್ತಾರೆ.