ವಿಚ್ಛೇದನದ ತೀರ್ಪಿನ ನಂತರವೂ ಉಳಿಯುವ ಜಂಟಿ ಮನೆ

ಪರಸ್ಪರ ಒಪ್ಪಿಗೆಯ ವಿಚ್ಛೇದನದ ರಾಜಿ ಷರತ್ತುಗಳಲ್ಲಿ ಒಂದು ಬಗೆಯ ವಾಕ್ಯವನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ: "ಜಂಟಿ ಹೆಸರಿನಲ್ಲಿರುವ ಮನೆಯನ್ನು ಉಭಯ ಪಕ್ಷಕಾರರು ಸೂಕ್ತ ಕಾಲದಲ್ಲಿ ಮಾರಾಟ ಮಾಡಿ, ಬಂದ ಹಣವನ್ನು ಸಮನಾಗಿ ಹಂಚಿಕೊಳ್ಳತಕ್ಕದ್ದು." ಓದುವಾಗ ಎಲ್ಲವೂ ಇತ್ಯರ್ಥವಾದಂತೆಯೇ ಕಾಣುತ್ತದೆ. ಆದರೆ ಯಾವ ತಾರೀಖಿನೊಳಗೆ ಮಾರಬೇಕು, ಕನಿಷ್ಠ ಬೆಲೆ ಎಷ್ಟು, ಅಲ್ಲಿಯವರೆಗೆ ಆ ಮನೆಯಲ್ಲಿ ಯಾರು ಇರಬೇಕು, ಸಾಲದ ಕಂತನ್ನು ಯಾರು ಕಟ್ಟಬೇಕು, ಖರೀದಿದಾರ ಸಿಕ್ಕಾಗ ಒಬ್ಬರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಾರದೇ ಹೋದರೆ ಏನು ಮಾಡಬೇಕು ಎಂಬ ಯಾವ ಪ್ರಶ್ನೆಗೂ ಅದರಲ್ಲಿ ಉತ್ತರವಿಲ್ಲ. ಮದುವೆಯ ಮೊಕದ್ದಮೆ ಮುಗಿಸಿ ಹೊರಬಂದವರು ಕೆಲವೇ ಕಾಲದಲ್ಲಿ ಅದೇ ಮನೆಗಾಗಿ ಮತ್ತೆ ನ್ಯಾಯಾಲಯದ ಮೆಟ್ಟಿಲು ಹತ್ತುವುದಕ್ಕೆ ಬಹಳಷ್ಟು ಬಾರಿ ಇಂಥ ಅರೆಬರೆ ಷರತ್ತೇ ಕಾರಣ ಎಂಬುದು ನನ್ನ ದೃಢವಾದ ಅಭಿಪ್ರಾಯ.

ವಿಚ್ಛೇದನದ ಡಿಕ್ರಿ ಕಡಿಯುವುದು ಮದುವೆಯನ್ನು ಮಾತ್ರ. ಕ್ರಯಪತ್ರದಲ್ಲಿರುವ ಎರಡು ಹೆಸರುಗಳು ಹಾಗೆಯೇ ಇರುತ್ತವೆ. ಗೋವಾದಂಥ ಕೆಲವು ಕಡೆಗಳನ್ನು ಬಿಟ್ಟರೆ, ಮದುವೆಯಾದ ಮಾತ್ರಕ್ಕೆ ಗಂಡ ಹೆಂಡತಿಯ ಆಸ್ತಿ ಒಂದಾಗುವ ಕಾನೂನು ನಮ್ಮ ದೇಶದಲ್ಲಿ ಇಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 27ನೇ ಕಲಮು ಕೂಡ ಮದುವೆಯ ಹೊತ್ತಿನಲ್ಲಿ ಕೊಟ್ಟ, ಇಬ್ಬರಿಗೂ ಸೇರಿದ ಆಸ್ತಿಯ ಬಗ್ಗೆ ಮಾತ್ರ ಹೇಳುತ್ತದೆ. ಹೀಗಾಗಿ ಮದುವೆಯ ನಂತರ ಇಬ್ಬರೂ ದುಡಿದು, ಸಾಲ ಮಾಡಿ ಕೊಂಡ ಫ್ಲ್ಯಾಟಿನ ವಿಷಯದಲ್ಲಿ ಅವರಿಬ್ಬರೂ ಕಾನೂನಿನ ಕಣ್ಣಿಗೆ ಬರಿಯ ಸಹಮಾಲೀಕರು.

ಅಲ್ಲಿಂದಲೇ ಮೊದಲ ಜಗಳ ಹುಟ್ಟುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ತಮ್ಮ ತಮ್ಮ ಹಣದಿಂದ ಕೂಡಿ ಕೊಂಡವರಿಗೆ ಅವರು ಹಾಕಿದ ಹಣದ ಪ್ರಮಾಣದಲ್ಲಿ ಪಾಲು. ಯಾರು ಎಷ್ಟು ಹಾಕಿದರೆಂಬ ಪುರಾವೆ ಇಲ್ಲದಿದ್ದರೆ ಸಮಪಾಲು ಎಂದು ಭಾವಿಸಲಾಗುತ್ತದೆ. ಗಂಡನ ಖಾತೆಯಿಂದ ಕಂತು ಹೋಗುತ್ತಿತ್ತು, ಹೆಂಡತಿಯ ಸಂಬಳದಲ್ಲಿ ಮನೆ ನಡೆಯುತ್ತಿತ್ತು ಎಂದಿಟ್ಟುಕೊಳ್ಳಿ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಕಂತಿನ ಸಾಲು ಅಚ್ಚಾಗಿರುತ್ತದೆ. ಮಕ್ಕಳ ಶುಲ್ಕ, ದಿನಸಿ, ಅತ್ತೆಯ ಔಷಧಿಗೆ ಹೋದ ಹಣ ಮನೆಯ ಬೆಲೆಯಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಒಬ್ಬರು ಮನೆಯ ಖರ್ಚು ಹೊತ್ತಿದ್ದರಿಂದಲೇ ಇನ್ನೊಬ್ಬರಿಗೆ ಕಂತು ಕಟ್ಟಲು ಸಾಧ್ಯವಾಯಿತು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಪಾಲು ನಿರ್ಧರಿಸುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಮಾತುಕತೆಯಲ್ಲಿ ಬಗೆಹರಿಯದಿದ್ದರೆ ಉಳಿಯುವುದು ವಿಭಾಗದ ದಾವೆ, ಅಂದರೆ ಆಸ್ತಿಯಲ್ಲಿ ತಮ್ಮ ಪಾಲನ್ನು ಬೇರೆ ಮಾಡಿಕೊಡಿ ಎಂದು ಹೂಡುವ ಮೊಕದ್ದಮೆ. ಕುಟುಂಬ ನ್ಯಾಯಾಲಯ ಇರುವ ಕಡೆ ಅದನ್ನು ಅಲ್ಲಿಯೇ ಹೂಡಬೇಕು. ವಿಚ್ಛೇದನವಾದ ಮಾತ್ರಕ್ಕೆ ಆ ನ್ಯಾಯಾಲಯದ ಅಧಿಕಾರ ಹೋಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2003ರಲ್ಲಿಯೇ ಸ್ಪಷ್ಟಪಡಿಸಿದೆ. ಫ್ಲ್ಯಾಟನ್ನು ಗೋಡೆ ಎಬ್ಬಿಸಿ ಎರಡು ಮಾಡಲು ಬರುವುದಿಲ್ಲವಾದ್ದರಿಂದ ಇಲ್ಲಿ 1893ರ ವಿಭಾಗ ಕಾಯ್ದೆ ಮುಂದೆ ಬರುತ್ತದೆ. ಅದರ 2ನೇ ಕಲಮಿನಡಿ, ಆಸ್ತಿಯನ್ನು ಅನುಕೂಲಕರವಾಗಿ ಭಾಗ ಮಾಡಲಾಗದು, ಮಾರಿ ಹಣ ಹಂಚುವುದೇ ಎಲ್ಲರಿಗೂ ಲಾಭ ಎಂದು ಕಂಡುಬಂದರೆ ನ್ಯಾಯಾಲಯ ಮಾರಾಟಕ್ಕೆ ಆದೇಶಿಸಬಹುದು. ಆದರೆ ಹಾಗೆ ಕೇಳುವವರ ಪಾಲು ಅರ್ಧ ಅಥವಾ ಅದಕ್ಕಿಂತ ಹೆಚ್ಚಿರಬೇಕು. ಶೇಕಡಾ 40ರ ಪಾಲು ಇರುವವರು ಈ ಕಲಮಿನಡಿ ಒಬ್ಬರೇ ಮಾರಾಟ ಕೇಳುವಂತಿಲ್ಲ. ಇಬ್ಬರೇ ಪಾಲುದಾರರಿರುವ ಮನೆಯಲ್ಲಿ ಈ ಮಿತಿ ಕಡಿಮೆ ಪಾಲಿನವರ ಕೈ ಕಟ್ಟಿಹಾಕುತ್ತದೆ. ಮಾಜಿ ದಂಪತಿಗಳ ಮಟ್ಟಿಗಾದರೂ ಇದನ್ನು ಸಡಿಲಿಸಬೇಕು.

ಇದೇ ವಿಭಾಗ ಕಾಯ್ದೆಯ 3ನೇ ಕಲಮನ್ನು ಬಹಳ ಜನ ಗಮನಿಸುವುದೇ ಇಲ್ಲ. ಒಬ್ಬರು ಮಾರಾಟ ಕೇಳಿದರೆ, ಇನ್ನೊಬ್ಬರು ಆ ಪಾಲನ್ನು ನ್ಯಾಯಾಲಯ ಗೊತ್ತುಪಡಿಸಿದ ಬೆಲೆಗೆ ತಾವೇ ಕೊಳ್ಳುತ್ತೇವೆಂದು ಅರ್ಜಿ ಹಾಕಬಹುದು. ಅಂದರೆ, ಮನೆಯನ್ನು ತಾನೇ ಉಳಿಸಿಕೊಳ್ಳಬೇಕೆಂಬ ಆಸೆ ಇರುವವರು ಅವಸರದಲ್ಲಿ ಮೊದಲು ಮಾರಾಟ ಕೇಳಿದರೆ ಆ ಅವಕಾಶವನ್ನು ಎದುರಾಳಿಯ ಕೈಗೆ ಕೊಟ್ಟಂತೆ.

ತನ್ನ ಪಾಲನ್ನಷ್ಟೇ ಹೊರಗಿನವರಿಗೆ ಮಾರಲು ಸಹಮಾಲೀಕರಿಗೆ ಹಕ್ಕಿದೆ, ನಿಜ. ಆದರೆ ಮಾಜಿ ಗಂಡನೋ ಹೆಂಡತಿಯೋ ವಾಸವಿರುವ ಮನೆಯ ಅರ್ಧವನ್ನು ತಕ್ಕ ಬೆಲೆ ಕೊಟ್ಟು ಕೊಳ್ಳುವವರು ಯಾರು? ದಾವೆ ನಡೆಯುತ್ತಿರುವಾಗ ಕೊಂಡವರು ಅದರ ಫಲಿತಾಂಶಕ್ಕೆ ಬದ್ಧರಾಗುವುದರಿಂದ ಖರೀದಿದಾರರು ಹತ್ತಿರ ಸುಳಿಯುವುದಿಲ್ಲ. ವಿಳಂಬದಿಂದ ಮನೆಯೊಳಗಿರುವವರಿಗೆ ನಷ್ಟವಿಲ್ಲ. ಹೊರಗೆ ಬಾಡಿಗೆ ಮನೆಯಲ್ಲಿ ಇರುವವರಿಗೆ ತಿಂಗಳು ತಿಂಗಳೂ ನಷ್ಟ. ಹಾಗೆಂದು ಒಳಗಿರುವವರೆಲ್ಲ ಹಟಮಾರಿಗಳೆಂದು ನಾನು ಹೇಳುತ್ತಿಲ್ಲ. ಮಕ್ಕಳೊಂದಿಗೆ ಅಲ್ಲಿ ಇರುವ ತಾಯಿಗೆ ಬೇರೆ ನೆಲೆಯೇ ಇಲ್ಲದಿರಬಹುದು, ಮತ್ತು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಅಂಥ ಮನೆಯನ್ನು ಪರಭಾರೆ ಮಾಡದಂತೆ ಮ್ಯಾಜಿಸ್ಟ್ರೇಟರು ತಡೆಯಲೂಬಹುದು. ಆ ರಕ್ಷಣೆ ಇರಲೇಬೇಕು. ಆದರೆ ಅದರ ಅವಧಿ ಮತ್ತು ಅದಕ್ಕೆ ಪ್ರತಿಯಾಗಿ ಇನ್ನೊಬ್ಬರಿಗೆ ಸಲ್ಲಬೇಕಾದ್ದು ಮೊದಲೇ ನಿಗದಿಯಾದರೆ ದ್ವೇಷ ಬೆಳೆಯುವುದಿಲ್ಲ.

ಗೃಹಸಾಲದ ವಿಷಯ ಇನ್ನೂ ಕಠಿಣ. "ಇನ್ನು ಮುಂದೆ ಕಂತು ಅವರೇ ಕಟ್ಟುತ್ತಾರೆ" ಎಂದು ರಾಜಿಯಲ್ಲಿ ಬರೆದರೆ ಅದು ಇಬ್ಬರ ನಡುವಿನ ಮಾತಾಯಿತೇ ಹೊರತು ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಇಬ್ಬರೂ ಸಹಿ ಮಾಡಿದ ಸಾಲವನ್ನು ಬ್ಯಾಂಕು ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ವಸೂಲಿ ಮಾಡಬಹುದು. ಕಂತು 90 ದಿನಗಳಿಗಿಂತ ಹೆಚ್ಚು ಬಾಕಿ ಉಳಿದು ಖಾತೆ ಅನುತ್ಪಾದಕವಾದರೆ, ಅಂದರೆ ವಸೂಲಾಗದ ಸಾಲವೆಂದು ಗುರುತಾದರೆ, ಅಡಮಾನದ ಆಸ್ತಿಯಿಂದ ಸಾಲ ವಸೂಲಿ ಮಾಡಲು ಇರುವ 2002ರ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸ್ ಕೊಟ್ಟು ಮನೆಯ ಸ್ವಾಧೀನಕ್ಕೆ ಬರುವ ದಾರಿ ಬ್ಯಾಂಕಿಗಿದೆ. ಬಾಕಿಯ ಕಲೆ ಇಬ್ಬರ ಸಾಲದ ದಾಖಲೆಗೂ ಹತ್ತುತ್ತದೆ.

ಆದ್ದರಿಂದ ರಾಜಿ ಬರೆಯುವ ಹೊತ್ತಿನಲ್ಲಿಯೇ ಮಾರಾಟದ ಕೊನೆಯ ದಿನಾಂಕ, ಬೆಲೆ ನಿರ್ಧರಿಸುವ ಮೌಲ್ಯಮಾಪಕರ ಆಯ್ಕೆ, ಮೊದಲು ಕೊಳ್ಳುವ ಹಕ್ಕು ಯಾರದು, ಸಾಲ ತೀರಿದ ಮೇಲೆ ಉಳಿದ ಹಣದ ಹಂಚಿಕೆ, ಒಬ್ಬರು ಸಹಿಗೆ ಬಾರದಿದ್ದರೆ ನ್ಯಾಯಾಲಯವೇ ಕ್ರಯಪತ್ರ ಮಾಡಿಸಿಕೊಡುವ ಷರತ್ತು, ಎಲ್ಲವನ್ನೂ ಕಾಣಿಸಬೇಕು. ಮನೆಯ ಪೂರ್ತಿ ವಿವರವನ್ನು ಅರ್ಜಿಯ ಷೆಡ್ಯೂಲಿನಲ್ಲಿಯೇ ಸೇರಿಸುವುದು ಲೇಸು, ಏಕೆಂದರೆ ಮೊಕದ್ದಮೆಯ ವಸ್ತುವಲ್ಲದ ಸ್ಥಿರಾಸ್ತಿಯನ್ನು ರಾಜಿ ಡಿಕ್ರಿಯಲ್ಲಿ ತಂದರೆ ನೋಂದಣಿ ಮಾಡಿಸಬೇಕಿಲ್ಲವೆಂದು 1908ರ ನೋಂದಣಿ ಕಾಯ್ದೆಯ 17ನೇ ಕಲಮು ಡಿಕ್ರಿಗಳಿಗೆ ಕೊಡುವ ವಿನಾಯಿತಿ ಅದಕ್ಕೆ ಸಿಗುವುದಿಲ್ಲ.

ನ್ಯಾಯಾಧೀಶರಲ್ಲಿಯೂ ನನ್ನದೊಂದು ವಿನಂತಿ ಇದೆ. ಜೀವನಾಂಶ ಮತ್ತು ಮಕ್ಕಳ ಪಾಲನೆಯ ಬಗ್ಗೆ ಪಕ್ಷಕಾರರನ್ನು ಎದುರಿಗೆ ನಿಲ್ಲಿಸಿ ಕೇಳುವಂತೆಯೇ, ಜಂಟಿ ಹೆಸರಿನ ಮನೆ ಇದೆಯೇ, ಇದ್ದರೆ ಅದನ್ನು ಎಂದು, ಹೇಗೆ ಮಾರುತ್ತೀರಿ ಎಂದೂ ಕೇಳಲಿ. ಉತ್ತರ ಅಸ್ಪಷ್ಟವಾಗಿದ್ದರೆ ರಾಜಿಯನ್ನು ದಾಖಲಿಸಿಕೊಳ್ಳದೆ, ಒಂದು ವಾಯಿದೆ ಮುಂದೂಡಿಯಾದರೂ ಸರಿ, ಮಧ್ಯಸ್ಥಿಕೆ ಕೇಂದ್ರಕ್ಕೆ ಮರಳಿ ಕಳುಹಿಸಲಿ.